ಮೊದಲ ಲಕ್ಷಣದ ತಾರೀಖು

ರಘುನಾಥರು ಅಮೆರಿಕದಲ್ಲಿ ಇಪ್ಪತ್ತೊಂಬತ್ತು ವರ್ಷ ಮಾಡಿದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಯಾರಿಗೆ ಯಾವ ದಿನ ಕಾಯಿಲೆ ಶುರುವಾಯಿತು ಎಂದು ಪತ್ತೆ ಹಚ್ಚುವುದು. ಅವರು ಡಾಕ್ಟರಲ್ಲ, ಪೊಲೀಸೂ ಅಲ್ಲ. ಒಹಾಯೋದ ಆರೋಗ್ಯ ವಿಮೆ ಕಂಪನಿಗಳಲ್ಲಿ ಕ್ಲೇಮುಗಳನ್ನು ಪರಿಶೀಲಿಸುವವರು. ಯಾರೋ ಒಬ್ಬ ಮಾರ್ಚಿನಲ್ಲಿ ಪಾಲಿಸಿ ತೆಗೆದುಕೊಂಡು ಮೇ ತಿಂಗಳಲ್ಲಿ ಎದೆನೋವೆಂದು ಆಸ್ಪತ್ರೆ ಸೇರಿದರೆ, ಆ ಎದೆ ಫೆಬ್ರವರಿಯಲ್ಲೇ ಒಮ್ಮೆ ನೊಂದಿತ್ತೇ ಎಂದು ಹಳೆಯ ಕಾಗದಗಳನ್ನೆಲ್ಲ ಕೆದಕಿ ನೋಡಬೇಕು. ನೊಂದಿದ್ದರೆ ಅದು ಹಳೆಯ ಕಾಯಿಲೆ, ಪಾಲಿಸಿಗೆ ಮುಂಚಿನದು, ಕಂಪನಿಗೆ ಸಂಬಂಧವಿಲ್ಲ. ‘ಮೊದಲ ಲಕ್ಷಣದ ತಾರೀಖು’ ಎಂಬ ಖಾನೆಯನ್ನು ತುಂಬುವುದರಲ್ಲಿ ಇವರನ್ನು ಮೀರಿಸಿದವರು ಆ ಆಫೀಸುಗಳಲ್ಲಿ ಇರಲಿಲ್ಲ.

ಅಂಥವರು ಒಂದು ಪಾಠ ಕಲಿಯದೆ ಇರುತ್ತಾರೆಯೇ? ಜನ ಕೆಡುವುದು ಕಾಯಿಲೆಯಿಂದಲ್ಲ, ಡಾಕ್ಟರ ಮುಂದೆ ಬಾಯಿ ಬಿಡುವುದರಿಂದ ಎಂದು ಅವರು ತೀರ್ಮಾನಿಸಿದ್ದರು. ಪಾಪದ ಜನ, ಕೇಳಿದ ಕೂಡಲೇ, “ಹೋದ ವರ್ಷದಿಂದಲೇ ಸ್ವಲ್ಪ ಹೀಗಿದೆ ಡಾಕ್ಟರ್” ಅಂದುಬಿಡುತ್ತಿದ್ದರು. ಆ ಒಂದು ಸಾಲು ಕಾಗದದ ಮೇಲೆ ಬಿತ್ತೆಂದರೆ ಮುಗಿಯಿತು, ಉಳಿದದ್ದನ್ನು ರಘುನಾಥರು ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿ ಮಾತ್ರ ಅವರು ಹೆಂಡತಿ ರಾಜಲಕ್ಷ್ಮಿಗೆ ಬೇರೆಯದೇ ಪಾಠ ಹೇಳಿಕೊಟ್ಟಿದ್ದರು. ಯಾವಾಗ ಶುರುವಾಯಿತು ಎಂದು ಯಾವ ಡಾಕ್ಟರು ಕೇಳಿದರೂ, “ನಿನ್ನೆ, ಮೊನ್ನೆ.” ಅದಕ್ಕಿಂತ ಹಿಂದೆ ಹೋಗಕೂಡದು.

ಈ ಪಾಠ ಒಮ್ಮೆ ಫಲ ಕೊಟ್ಟೂ ಇತ್ತು. ಬಹಳ ಹಿಂದೆ, ರಘುನಾಥರು ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ರಾಜಲಕ್ಷ್ಮಿಗೆ ಪಿತ್ತಕೋಶದ ಕಲ್ಲು ಕಾಡಿತ್ತು. ಆಕೆ ಎರಡು ತಿಂಗಳು ಹಲ್ಲು ಕಚ್ಚಿಕೊಂಡು ನೋವು ತಿಂದರು. ಹೊಸ ವಿಮೆ ಜಾರಿಗೆ ಬಂದ ವಾರವೇ ಆಸ್ಪತ್ರೆಗೆ ಹೋಗಿ, “ಮೊನ್ನೆಯಿಂದ” ಎಂದರು. ಆಪರೇಷನ್ ಪೂರ್ತಿ ವಿಮೆಯಲ್ಲೇ ಆಯಿತು. ಅಂದಿನಿಂದ ಕಾಯಿಲೆ ಕಸಾಲೆಯ ವಿಷಯದಲ್ಲಿ ಗಂಡನ ಮಾತೇ ಆಕೆಗೆ ವೇದ. ಬೇರೆ ವಿಷಯದಲ್ಲಿ ಹಾಗಿರಲಿಲ್ಲ ಅನ್ನಿ. ರಘುನಾಥರಿಗೆ ಕಾರು ಓಡಿಸಲು ಭಯ. ಹಿಮ ಬೀಳಲಿ, ಬಿಸಿಲಿರಲಿ, ಅವರನ್ನು ಆಫೀಸಿಗೆ ಬಿಟ್ಟು ಕರೆದುಕೊಂಡು ಬರುತ್ತಿದ್ದವರು ರಾಜಲಕ್ಷ್ಮಿಯೇ. ಯಾವ ರಸ್ತೆ ಹಿಡಿಯಬೇಕೆಂದು ಪಕ್ಕದಲ್ಲಿ ಕೂತವರು ಹೇಳಿದರೆ ಆಕೆ ಕೇಳುತ್ತಿರಲಿಲ್ಲ.

ಅರವತ್ತಾರಕ್ಕೆ ನಿವೃತ್ತರಾದ ಮೇಲೆ ಗಂಡ ಹೆಂಡತಿ ಸ್ವೀಡನ್ನಿಗೆ ಬಂದರು. ಒಬ್ಬಳೇ ಮಗಳು ನಿವೇದಿತಾ ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ಇಂಜಿನಿಯರು. ಅವಳ ಗಂಡ ಜರ್ಮನಿಯವನಾದ್ದರಿಂದ, ಯುರೋಪ್ ಒಕ್ಕೂಟದ ನಿಯಮದಂತೆ, ಅತ್ತೆ ಮಾವನಿಗೂ ಅಲ್ಲಿ ನೆಲೆಸುವ ಹಕ್ಕು ಸಿಕ್ಕಿತು. ಮಗಳ ಮನೆಗೆ ಹತ್ತು ನಿಮಿಷದ ದಾರಿಯಲ್ಲಿ ಇವರಿಗೊಂದು ಎರಡು ಕೋಣೆಯ ಫ್ಲಾಟು. ಅದು ೨೦೦೭ರ ಸೆಪ್ಟೆಂಬರ್.

ಹೊರಡುವ ಮುಂಚೆ ರಘುನಾಥರು ಆರು ತಿಂಗಳು ವಿಮೆಯ ಕಾಗದಗಳಲ್ಲೇ ಮುಳುಗಿದ್ದರು. ಅಮೆರಿಕದ ಸರ್ಕಾರ ಹಿರಿಯರಿಗೆ ಕೊಡುವ ಮೆಡಿಕೇರ್ ಆ ದೇಶದ ಗಡಿ ದಾಟಿದರೆ ಕೆಲಸಕ್ಕೆ ಬಾರದು. ಸ್ವೀಡನ್ನಿನ ಸರ್ಕಾರಿ ವೈದ್ಯಕೀಯ ವ್ಯವಸ್ಥೆಯೊಳಗೆ ಸೇರಬೇಕಾದರೆ ಪರ್ಸನ್‌ನುಮ್ಮೆರ್ ಬೇಕು. ಅದು ಅಲ್ಲಿ ಪ್ರತಿಯೊಬ್ಬ ನಿವಾಸಿಗೂ ತೆರಿಗೆ ಕಚೇರಿ ಕೊಡುವ ನಂಬರು. ಅದಕ್ಕೆ ಅರ್ಜಿ ಹಾಕಿ ಕೆಲವು ವಾರ ಕಾಯಬೇಕು. ನಡುವಿನ ದಿನಗಳಿಗೆಂದು ಒಂದು ಪ್ರಯಾಣದ ವಿಮೆ ಕೊಂಡರು. ಅದರ ಹನ್ನೊಂದನೆಯ ಪುಟದಲ್ಲಿ ಹಳೆಯ ಕಾಯಿಲೆಗಳ ಬಗ್ಗೆ ಇದ್ದ ಷರತ್ತನ್ನು ಕೆಂಪು ಪೆನ್ನಿನಲ್ಲಿ ಗೀಟೆಳೆದು ಇಟ್ಟುಕೊಂಡರು. ಇಷ್ಟು ಚೆನ್ನಾಗಿ ತಯಾರಾಗಿ ಬಂದ ಮುದುಕ ಇನ್ನೊಬ್ಬನಿಲ್ಲ ಎಂದು ಅವರಿಗೆ ಒಳಗೊಳಗೇ ಜಂಬ. ಅಲ್ಲಿನ ಕನ್ನಡದವರು, ಹೆಚ್ಚಿನವರು ಬೆಂಗಳೂರಿನಿಂದ ಬಂದ ಐಟಿ ಹುಡುಗರು, ಹಬ್ಬದೂಟಕ್ಕೆ ಸೇರಿದಾಗ ಊರಿನಿಂದ ಬರುವ ಅಪ್ಪ ಅಮ್ಮಂದಿರಿಗೆ ಯಾವ ಪಾಲಿಸಿ ಮಾಡಿಸಲಿ ಎಂದು ಇವರನ್ನೇ ಕೇಳುತ್ತಿದ್ದರು. ಇವರು ಹೋಳಿಗೆ ಬದಿಗಿಟ್ಟು ಅರ್ಧ ಗಂಟೆ ವಿವರಿಸುತ್ತಿದ್ದರು.

ಅಕ್ಟೋಬರ್ ಎಂಟು, ಸೋಮವಾರ. ಬೆಳಗಿನ ಕಾಫಿ ಬಗ್ಗಿಸುತ್ತಿದ್ದ ರಾಜಲಕ್ಷ್ಮಿ ತಲೆಯೆತ್ತಿ ಕಣ್ಣುಜ್ಜಿಕೊಂಡರು.

“ರೀ, ಎಡಗಣ್ಣಿನ ಮೂಲೇಲಿ ಯಾರೋ ಫೋಟೋ ತೆಗೆದ ಹಾಗೆ ಫ್ಲಾಶ್ ಆಗ್ತಿದೆ. ಕಪ್ಪು ಕಪ್ಪು ಚುಕ್ಕಿಗಳೂ ತೇಲಾಡ್ತಿವೆ, ಹಾಲಲ್ಲಿ ಟೀಪುಡಿ ಬಿದ್ದ ಹಾಗೆ.”

ನೋವಿದೆಯಾ ಎಂದಲ್ಲ, ಕೂತುಕೋ ಎಂದಲ್ಲ, ರಘುನಾಥರ ಬಾಯಿಂದ ಮೊದಲು ಬಂದದ್ದು, “ಇವತ್ತು ಯಾವ ತಾರೀಖು?”

ಕ್ಯಾಲೆಂಡರು ನೋಡಿದರು. ತೆರಿಗೆ ಕಚೇರಿಯಿಂದ ನಂಬರು ಬರಲು ಇನ್ನೂ ಎರಡು ಮೂರು ವಾರ. ಈಗ ಡಾಕ್ಟರ ಹತ್ತಿರ ಹೋದರೆ ‘ನಂಬರು ಬರುವ ಮುಂಚಿನ ಕಾಯಿಲೆ’ ಎಂದು ದಾಖಲಾಗುತ್ತದೆ. ಪ್ರಯಾಣದ ವಿಮೆಯವರೂ, ಯಾವತ್ತೋ ಕನ್ನಡಕಕ್ಕೆಂದು ಕಣ್ಣು ತೋರಿಸಿದ್ದ ಕಾಗದ ಕೆದಕಿ ತೆಗೆದು, ಹನ್ನೊಂದನೆಯ ಪುಟ ತೋರಿಸಿ ಕೈ ತೊಳೆದುಕೊಳ್ಳುತ್ತಾರೆ. ಅವರ ಜಾಗದಲ್ಲಿ ತಾವಿದ್ದಿದ್ದರೆ ಅದನ್ನೇ ಮಾಡುತ್ತಿದ್ದರಲ್ಲವೇ?

“ನೋಡು ರಾಜಿ, ಯಾರ ಹತ್ರಾನೂ ಇದನ್ನ ಹೇಳ್ಬೇಡ. ನಿವಿಗಂತೂ ಹೇಳಲೇಬೇಡ, ಅವಳು ಈಗಲೇ ಎಳ್ಕೊಂಡು ಹೋಗ್ತಾಳೆ. ಒಂದು ಸಲ ರೆಕಾರ್ಡಿಗೆ ಹೋಯ್ತು ಅಂದ್ರೆ ಜನ್ಮಪೂರ್ತಿ ಆ ಕಣ್ಣಿಗೆ ಕವರೇಜ್ ಇರಲ್ಲ. ಎರಡು ವಾರ ತಡ್ಕೊ.”

“ನೋವೇನಿಲ್ಲ ಬಿಡಿ,” ಅಂದರು ರಾಜಲಕ್ಷ್ಮಿ. “ಪಿತ್ತದ ಕಲ್ಲಿಗಿಂತ ಇದು ವಾಸಿ.”

ನೋವಿಲ್ಲದ್ದೇ ಮುಳುವಾಯಿತು. ನೋವಿದ್ದಿದ್ದರೆ ಇಬ್ಬರಲ್ಲಿ ಒಬ್ಬರಿಗಾದರೂ ಬುದ್ಧಿ ಬರುತ್ತಿತ್ತೇನೋ. ದಿನವೂ ಹನ್ನೊಂದು ಗಂಟೆಗೆ ರಘುನಾಥರು ಕೆಳಗಿಳಿದು ಹೋಗಿ ಟಪಾಲು ನೋಡಿ ಬರುವುದು, ಮಗಳು ಬಂದಾಗ ರಾಜಲಕ್ಷ್ಮಿ ಬಲಗಡೆಯೇ ಅವಳನ್ನು ಕೂರಿಸಿಕೊಳ್ಳುವುದು, ಹೀಗೆ ನಡೆಯಿತು. ಹದಿನಾಲ್ಕನೆಯ ದಿನ, ಭಾನುವಾರ, ಆಕೆ ಗಂಡನನ್ನು ಅಡುಗೆಮನೆಗೆ ಕರೆದರು.

“ಮೂಗಿನ ಪಕ್ಕದಿಂದ ಒಂದು ಪರದೆ ಎಳೆದ ಹಾಗೆ ಕತ್ತಲಾಗ್ತಿದೆ ರೀ. ನಿನ್ನೆ ಇರ್ಲಿಲ್ಲ. ಇವತ್ತು ಹೋಗ್ಬಿಡೋಣ್ವಾ?”

ರಘುನಾಥರು ಫೋನಿನ ಹತ್ತಿರ ಹೋದರು. ರಿಸೀವರು ಎತ್ತಿಯೂ ಎತ್ತಿದರು. ಮಗಳ ನಂಬರಿನ ಮೊದಲ ನಾಲ್ಕು ಅಂಕಿ ಒತ್ತಿದ್ದರು. ಆಮೇಲೆ ಇಪ್ಪತ್ತೊಂಬತ್ತು ವರ್ಷದ ಚಾಳಿ ಅವರ ಕೈ ಹಿಡಿಯಿತು. ಇಷ್ಟು ದಿನ ತಡೆದಾಗಿದೆ, ಈಗ ಹೋಗಿ ಎಲ್ಲವನ್ನೂ ಹಾಳುಮಾಡಿಕೊಳ್ಳುವುದೇ?

“ಇನ್ನೊಂದು ನಾಲ್ಕು ದಿನ ಕಾಯಿ ರಾಜಿ,” ಎಂದು ರಿಸೀವರು ಕೆಳಗಿಟ್ಟರು. ಆಕೆ ಎರಡನೆಯ ಸಲ ಕೇಳಲಿಲ್ಲ. ಕೇಳಬೇಕಿತ್ತು, ಜಗಳ ಆಡಬೇಕಿತ್ತು, ಆ ಫೋನು ತೆಗೆದು ಗಂಡನ ತಲೆಗೆ ಕುಕ್ಕಿದ್ದರೂ ತಪ್ಪಿರಲಿಲ್ಲ.

ಶುಕ್ರವಾರ, ಇಪ್ಪತ್ತಾರಕ್ಕೆ, ಲಕೋಟೆ ಬಂತು. ಒಳಗೆ ಇಬ್ಬರಿಗೂ ಒಂದೊಂದು ನಂಬರು. ರಘುನಾಥರು ಮೂರು ಮಹಡಿಯ ಮೆಟ್ಟಿಲನ್ನು ಓಡುತ್ತಲೇ ಹತ್ತಿ, “ಬಂತು ರಾಜಿ, ಬಂತು!” ಎಂದು ಕೂಗಿದರು. ಕಾಗದವನ್ನು ಆಕೆಯ ಮುಖದ ಮುಂದೆ ಹಿಡಿದರು. ಆಕೆ ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ನೋಡಿದರು.

“ಕಾಗದ ಎಲ್ಲಿದೆ?” ಎಂದು ಕೇಳಿದರು.

ಬಡಾವಣೆಯ ಆರೋಗ್ಯ ಕೇಂದ್ರದವರು ಅರ್ಧ ಗಂಟೆಯೊಳಗೆ ಕಣ್ಣಿನ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಡಾಕ್ಟರು ಮಧ್ಯವಯಸ್ಸಿನ ಹೆಂಗಸು, ಒಳ್ಳೆಯ ಇಂಗ್ಲಿಷ್. ಮೊದಲ ಪ್ರಶ್ನೆ ಅದೇ: ಯಾವಾಗ ಶುರುವಾಯಿತು? ರಾಜಲಕ್ಷ್ಮಿ ಒಮ್ಮೆ ಗಂಡನ ಕಡೆ ತಿರುಗಿ, “ಮೊನ್ನೆ,” ಅಂದರು.

ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ಕಣ್ಣೊಳಗೆ ನೋಡಿದರು. ಕಣ್ಣಿನ ಹಿಂಭಾಗದ ಪೊರೆ, ರೆಟಿನಾ, ಹರಿದು ಕಳಚಿಕೊಂಡಿದೆ, ಎಂದರು. ಇದು ಎರಡು ದಿನದ್ದಲ್ಲ, ಕಳಚಿದ ಪೊರೆ ಆಗಲೇ ಮಡಿಕೆ ಬಿದ್ದು ಗಟ್ಟಿಯಾಗುತ್ತಿದೆ. “ನಾನು ನಿಮ್ಮನ್ನು ಬೈಯಲು ಕೇಳುತ್ತಿಲ್ಲ. ಯಾವ ಆಪರೇಷನ್ ಮಾಡಬೇಕೆಂದು ತಿಳಿಯಲು ಕೇಳುತ್ತಿದ್ದೇನೆ,” ಎಂದರು.

ಆಗ ರಘುನಾಥರು ಬಾಯಿ ಬಿಟ್ಟರು. ಎಂಟನೇ ತಾರೀಖು, ಎಂದರು. ನಂಬರು ಬಂದಿರಲಿಲ್ಲ, ಎಂದರು. ನಂಬರಿಗೆ ಮುಂಚಿನ ಕಾಯಿಲೆ ಎಂದು ದಾಖಲಾದರೆ ನೀವು ಚಿಕಿತ್ಸೆ ಕೊಡುವುದಿಲ್ಲವಲ್ಲ ಎಂದು, ಆಫೀಸಿನ ಭಾಷೆಯಲ್ಲೇ, ಕ್ರಮವಾಗಿ ವಿವರಿಸಿದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ಇವರು ಇನ್ನೊಮ್ಮೆ ಹೇಳಿದರು. ಆಕೆ ಹುಬ್ಬು ಗಂಟಿಕ್ಕಿಕೊಂಡು, “ಆದರೆ ಕಾಯಿಲೆ ಬಂದಮೇಲೇ ತಾನೆ ಜನ ಇಲ್ಲಿಗೆ ಬರುವುದು?” ಎಂದರು. ಪಾಸ್‌ಪೋರ್ಟು ತೋರಿಸಿದ್ದರೆ ಎಂಟನೇ ತಾರೀಖೇ ನೋಡುತ್ತಿದ್ದೆವು, ಬಿಲ್ಲು ಆಮೇಲೆ ಮನೆಗೆ ಬರುತ್ತಿತ್ತು. ಪೊರೆ ಹರಿದಿದ್ದಷ್ಟೇ ಆಗಿದ್ದರೆ ಲೇಸರಿನಲ್ಲಿ ಅರ್ಧ ಗಂಟೆಯ ಕೆಲಸ, ಎಂದರು.

ಅರ್ಧ ಗಂಟೆ. ರಘುನಾಥರು ಆಮೇಲೆ ಎಷ್ಟೋ ತಿಂಗಳು ಆ ಅರ್ಧ ಗಂಟೆಯನ್ನು ಮನಸ್ಸಿನಿಂದ ಕಿತ್ತುಹಾಕಲು ನೋಡಿದರು, ಆಗಲಿಲ್ಲ.

ಎರಡು ಆಪರೇಷನ್ ಆದವು. ಕಣ್ಣೊಳಗೆ ಗಾಳಿಯ ಗುಳ್ಳೆ ತುಂಬಿ, ಅದು ಪೊರೆಯನ್ನು ಒತ್ತಿಹಿಡಿಯಲೆಂದು ಹಗಲೂ ರಾತ್ರಿ ಮುಖ ಕೆಳಗೆ ಮಾಡಿಕೊಂಡೇ ಇರಬೇಕೆಂದರು. ರಾಜಲಕ್ಷ್ಮಿ ಮೇಜಿನ ಅಂಚಿಗೆ ದಿಂಬಿಟ್ಟು ಹಣೆಯೂರಿ ಒಂದು ವಾರ ಕೂತರು. ಮುಖ ನೋಡಿ ಮಾತಾಡಬೇಕಾದರೆ ಬೇರೆ ದಾರಿಯಿಲ್ಲದೆ ರಘುನಾಥರು ಮೇಜಿನ ಕೆಳಗೆ ನುಸುಳಿ, ನೆಲಹಾಸಿನ ಮೇಲೆ ಅಂಗಾತ ಮಲಗುತ್ತಿದ್ದರು. ಅಂಚಿನಿಂದ ಬಗ್ಗಿದ ಆಕೆಯ ಮುಖ, ಅದರಲ್ಲೊಂದು ಬ್ಯಾಂಡೇಜು.

“ರಾಜಿ, ನನ್ನಿಂದ...” ಎಂದು ಒಂದು ದಿನ ಶುರುಮಾಡಿದರು.

“ಧೂಳಲ್ಲಿ ಮಲಗಿದೀರಿ, ನೆಗಡಿ ಆಗುತ್ತೆ. ಎದ್ದು ಆ ನ್ಯೂಸ್ ಹಾಕಿ,” ಅಂದರು ಆಕೆ.

ರಘುನಾಥರು ಎದ್ದು ನ್ಯೂಸ್ ಹಾಕಿದರು. ಹೇಳಬೇಕಾದ್ದನ್ನು ಅವತ್ತು ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು.

ಕಣ್ಣು ಉಳಿಯಲಿಲ್ಲ. ಬೆಳಕು ಇದೆಯೋ ಇಲ್ಲವೋ ಎಂದಷ್ಟೇ ತಿಳಿಯುತ್ತಿತ್ತು. ಮಗಳು ಅಳುತ್ತಾ, “ಅಮ್ಮಾ, ಇಷ್ಟು ಸೀರಿಯಸ್ ಆಗೋವರೆಗೂ ನಿಂಗೆ ಏನೂ ಗೊತ್ತಾಗ್ಲಿಲ್ವಾ? ಯಾವಾಗ ಸ್ಟಾರ್ಟ್ ಆಯ್ತು?” ಎಂದು ಕೇಳಿದಳು.

“ಎರಡೇ ದಿನದಲ್ಲಿ ಆಗ್ಹೋಯ್ತು ಕಣೇ,” ಅಂದರು ರಾಜಲಕ್ಷ್ಮಿ.

ರಘುನಾಥರು ಪಕ್ಕದಲ್ಲೇ ಇದ್ದರು. ವಿಮೆಯಿಂದ ಹೆಂಡತಿಯನ್ನು ಕಾಪಾಡಲೆಂದು ತಾವು ಕಲಿಸಿದ ಸುಳ್ಳು ಈಗ ಮಗಳಿಂದ ತಮ್ಮನ್ನು ಕಾಪಾಡುತ್ತಿದೆ ಎಂದು ತಿಳಿದೂ ಸುಮ್ಮನಿದ್ದರು. ಹೇಡಿತನ ಎಂದರೆ ಇದೇ, ಬೇರೆ ಹೆಸರಿಲ್ಲ. ಆಮೇಲೆ ರಾಜಲಕ್ಷ್ಮಿ ಕಾರಿನ ಮಾತು ಎತ್ತಲಿಲ್ಲ. ಸ್ವೀಡನ್ನಿನ ಲೈಸೆನ್ಸಿಗೆಂದು ತರಿಸಿದ್ದ ಅರ್ಜಿ ಹಾಗೇ ಉಳಿಯಿತು. ಕಾಫಿ ಬಗ್ಗಿಸುವಾಗ ಲೋಟ ಎಷ್ಟು ದೂರವಿದೆಯೆಂದು ತಿಳಿಯದೆ, ಮೊದಲು ಬೆರಳಿನಿಂದ ಅಂಚು ಮುಟ್ಟಿ ನೋಡಿಕೊಂಡು ಆಮೇಲೆ ಬಗ್ಗಿಸುವುದನ್ನು ಕಲಿತರು. ಹಬ್ಬದೂಟದಲ್ಲಿ ಯಾರಾದರೂ ಪಾಲಿಸಿ ಮಾತೆತ್ತಿದರೆ ರಘುನಾಥರು, “ನಂಗೆ ಅದೆಲ್ಲ ಗೊತ್ತಿಲ್ಲಪ್ಪ,” ಎಂದು ಎದ್ದು ಕೈತೊಳೆಯಲು ಹೋಗುತ್ತಿದ್ದರು.

ಒಂದು ವರ್ಷ ಹೋಯಿತು. ಮುಂದಿನ ನವೆಂಬರಿನ ಒಂದು ಬುಧವಾರ ರಘುನಾಥರು ಸ್ವೀಡಿಷ್ ಕಲಿಯುವ ತರಗತಿಯಿಂದ ಮಧ್ಯಾಹ್ನ ಮನೆಗೆ ಬಂದರು. ಬಾಗಿಲಿಗೆ ಬೀಗ ಹಾಕಿತ್ತು. ಒಳಗೆ ರಾಜಲಕ್ಷ್ಮಿ ಇಲ್ಲ, ಆಕೆಯ ಕೋಟೂ ಇಲ್ಲ. ಒಂದೇ ಕಣ್ಣಾದ ಮೇಲೆ ಆಕೆ ಅವರ ತೋಳು ಹಿಡಿಯದೆ ಬಸ್ ಸ್ಟಾಪಿನವರೆಗೂ ಹೋಗಿರಲಿಲ್ಲ. ಮಗಳಿಗೆ ಫೋನ್ ಮಾಡಿದರು, ಅವಳು ಮೀಟಿಂಗಿನಲ್ಲಿದ್ದಳು, ಅವಳಿಗೂ ಗೊತ್ತಿಲ್ಲ. ಕಿಟಕಿಗೆ ಹಣೆಯಿಟ್ಟು ನಿಂತರು. ಹಿಮ ಕರಗಿ ಜಾರುವ ರಸ್ತೆ. ಎಲ್ಲಿ ಬಿದ್ದಿದ್ದಾಳೋ ಎಂದು ಬಸ್ಸಿನಿಂದ ಇಳಿದವರನ್ನೆಲ್ಲ ನೋಡಿದರು.

ಎರಡೂವರೆಗೆ ಬೀಗದಕೈ ಸದ್ದಾಯಿತು. ರಾಜಲಕ್ಷ್ಮಿ ಬಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಬೂಟು ಬಿಚ್ಚತೊಡಗಿದರು. ಮುಖದಲ್ಲಿ ದಣಿವಿತ್ತು. ಬಲಗಣ್ಣು ಕೆಂಪಗಾಗಿ ನೀರಾಡುತ್ತಿತ್ತು.

“ಎಲ್ಲಿ ಹೋಗಿದ್ದೆ?”

“ಆಸ್ಪತ್ರೆಗೆ. ಬೆಳಗ್ಗೆ ನೀವು ಕ್ಲಾಸಿಗೆ ಹೊರಡೋಕೆ ಮುಂಚೆ ಬಲಗಣ್ಣಲ್ಲಿ ಫ್ಲಾಶ್ ಆಯ್ತು. ಎರಡು ಬಸ್ ಹತ್ತಿ ಹೋದೆ. ಸಣ್ಣ ಹರುಕು ಅಂತೆ. ಲೇಸರ್ ಹಾಕಿದ್ರು, ಅರ್ಧ ಗಂಟೇನೂ ಆಗ್ಲಿಲ್ಲ. ಇನ್ನು ಭಯ ಇಲ್ಲ ಅಂದ್ರು.”

ರಘುನಾಥರು ಕೈಮುಗಿದರು. ಉಳಿಯಿತು, ಕಣ್ಣು ಉಳಿಯಿತು, ದೇವರು ದೊಡ್ಡವನು. ಆಮೇಲೆ ನಿಧಾನವಾಗಿ ಇನ್ನೊಂದು ಮಾತು ತಲೆಗೆ ಹೋಯಿತು.

“ನಾನು ಹೊರಡೋಕೆ ಮುಂಚೆಯಾ? ನಾನು ಇಲ್ಲೇ ಕೂತು ತಿಂಡಿ ತಿಂತಿದ್ನಲ್ಲ ರಾಜಿ.”

“ಹೌದು. ನೀವು ಹೊರಡಲಿ ಅಂತ ಕಾಯ್ತಿದ್ದೆ.”

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ರಘುನಾಥರು ತಡೆದುಕೊಳ್ಳುತ್ತಿದ್ದರು.

“ನಿಂಗೆ ಬೇಡ ಅಂತಿದ್ನಾ ನಾನು? ಈಗಲೂ? ಅವತ್ತಿನದು ನಂದೇ ತಪ್ಪು ರಾಜಿ, ನಿನ್ನ ಕಣ್ಣು ತೆಗೆದವನು ನಾನು. ಇವತ್ತು ಹೇಳಿದ್ರೆ ನಾನೇ ಟ್ಯಾಕ್ಸಿ ತರಿಸಿ ಕರ್ಕೊಂಡು ಹೋಗ್ತಿದ್ದೆ.”

ವರ್ಷದಿಂದ ಒಳಗೇ ಇಟ್ಟುಕೊಂಡಿದ್ದ ಮಾತು ಹೀಗೆ, ಬೂಟುಗಳ ನಡುವೆ, ಹೊರಗೆ ಬಂತು. ರಾಜಲಕ್ಷ್ಮಿ ಕೆಂಪಾದ ಕಣ್ಣೆತ್ತಿ ಗಂಡನನ್ನು ನೋಡಿದರು. ಇಷ್ಟು ವರ್ಷ ಯಾರ ಮಾತನ್ನು ಎರಡನೆಯ ಸಲ ಪ್ರಶ್ನಿಸದೆ ಡಾಕ್ಟರ ಮುಂದೆ ಕೂತಿದ್ದರೋ ಅವರನ್ನೇ, ಅಳೆಯುವ ಹಾಗೆ ನೋಡಿದರು.

“ಕರ್ಕೊಂಡು ಹೋಗ್ತಿದ್ರೇನೋ,” ಎಂದರು. “ಆದ್ರೆ ಇದೊಂದೇ ಉಳಿದಿತ್ತಲ್ಲ, ನಿಮ್ಮನ್ನ ಕೇಳೋಕೆ ಧೈರ್ಯ ಬರ್ಲಿಲ್ಲ.”

ಬೂಟುಗಳನ್ನು ಗೋಡೆಗೆ ಒತ್ತಿ ಜೋಡಿಸಿಟ್ಟು, ಅನ್ನಕ್ಕಿಡಲು ಒಳಗೆ ಹೋದರು.