ಬಾಲ ನೋಡದ ಅಣಬೆ

ತಲಘಟ್ಟಪುರದ ಮರಿಯಮ್ಮನಿಗೆ ಅಣಬೆಯ ವಿಷಯದಲ್ಲಿ ಒಂದೇ ನಿಯಮ: ಕುಯ್ಯಬಾರದು, ಅಗೆದು ತೆಗೆಯಬೇಕು. ಹುತ್ತದ ಅಣಬೆಯ ಕಾಂಡ ನೆಲದೊಳಗೆ ಸಪೂರವಾಗುತ್ತ ಗೇಣುದ್ದ ಇಳಿದು ಗೆದ್ದಲಿನ ಗೂಡು ಮುಟ್ಟುತ್ತದೆ. ಆ ಬಾಲ ಇದ್ದರೆ ಸಾರಿಗೆ, ಇಲ್ಲದಿದ್ದರೆ ತಿಪ್ಪೆಗೆ. ನಲವತ್ತು ವರ್ಷದಲ್ಲಿ ಆಕೆ ಕೊಟ್ಟ ಅಣಬೆ ತಿಂದು ಯಾರ ಹೊಟ್ಟೆಯೂ ಕೆಟ್ಟಿರಲಿಲ್ಲ.

ಆ ಬೆಳಿಗ್ಗೆ ನಿಯಮ ತಪ್ಪಿತು. ಹಳೆಯ ಹುತ್ತವಿದ್ದ ಜಾಗ ಈಗ ಬಡಾವಣೆಯ ಪಾರ್ಕು. ಹುಲ್ಲಿನಲ್ಲಿ ಅಣಬೆಯ ಬಿಳಿ ಕೊಡೆಗಳು ಕಂಡವು. ಜಾಗ ಅದೇ ಅಲ್ಲವೇ ಎಂದು ಮರಿಯಮ್ಮ ಬಗ್ಗಿದಳು.

"ಅಮ್ಮೋ, ಲಾನ್ ಅಗೀಬೇಡಿ! ಸೆಕ್ರೆಟರಿ ನನ್ನನ್ನೇ ಹೂತಾಕ್ತಾರೆ!" ಕಾವಲುಗಾರ ತಿಮ್ಮರಾಯಪ್ಪ ಕೂಗಿದ.

"ಆಯ್ತು ಬಿಡಪ್ಪ, ಮೇಲೆ ಮೇಲೆ ಕುಯ್ಕೊಂಡು ಹೋಗ್ತೀನಿ."

ವರ್ಷದ ಮೊದಲ ಅಣಬೆಯನ್ನು ಆಕೆ ಮನೆಗೆ ಇಟ್ಟುಕೊಳ್ಳುವವಳಲ್ಲ. ಎಲ್ಲವನ್ನೂ ಎರಡು ಬೀದಿ ಆಚೆಯ ಸುನಿತಾಳಿಗೆ ಕೊಟ್ಟು ಬಂದಳು.

ಮಧ್ಯಾಹ್ನ ಸೊಪ್ಪು ಬಿಡಿಸುವಾಗ ಆ ಕಾಂಡಗಳ ಮೇಲಿದ್ದ ಬಳೆಯಂಥ ಪೊರೆ ನೆನಪಾಯಿತು. ತನ್ನ ಹುತ್ತದ ಅಣಬೆಯಲ್ಲಿ ಅಂಥದ್ದನ್ನು ಎಂದೂ ಕಂಡಿರಲಿಲ್ಲ. ಕೂತಳು, ಎದ್ದಳು. ಫೋನ್ ಮಾಡಿದಳು. ಸುನಿತಾ ಎತ್ತಲಿಲ್ಲ. ಇನ್ನೆರಡು ಸಲವೂ ಎತ್ತಲಿಲ್ಲ. ಸುನಿತಾಳ ಮಗಳು ಬಿಂದುಶ್ರೀ ಮೂರೂವರೆಗೆ ಶಾಲೆಯಿಂದ ಬಂದವಳೇ ತಟ್ಟೆ ಹಿಡಿಯುತ್ತಾಳೆ. ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

ದಾರಿಯಲ್ಲೇ ಪಾರ್ಕು. ತಿಮ್ಮರಾಯಪ್ಪ ಬಾಯಿ ತೆರೆಯುವಷ್ಟರಲ್ಲಿ ಮರಿಯಮ್ಮ ಬೆಳಿಗ್ಗೆ ಕುಯ್ದುಬಿಟ್ಟ ಒಂದು ಮೋಟನ್ನು ಚಾಕುವಿನಿಂದ ಬಗೆದಿದ್ದಳು. ಎರಡು ಬೆರಳು ಆಳದಲ್ಲೇ ಕಾಂಡ ಗಡ್ಡೆಯಂತೆ ಉಬ್ಬಿ ಮುಗಿದಿತ್ತು. ಬಾಲವಿಲ್ಲ. ಪಕ್ಕದ್ದಕ್ಕೂ ಇಲ್ಲ. ಸೆರಗು ಸಿಕ್ಕಿಸಿಕೊಂಡು ಓಡಿದಳು.

ಸುನಿತಾಳ ಬಾಗಿಲಲ್ಲಿ ಒಗ್ಗರಣೆಯ ವಾಸನೆ. ಒಳಗೆ ಬಿಂದುಶ್ರೀ ತಟ್ಟೆ ಮುಂದೆ ಕೂತಿದ್ದಳು.

"ತಿನ್ಬೇಡ ಮಗಾ! ಸುನಿತಾ, ಅದೇನು ಬಡಿಸಿದ್ದು?"

"ಬೇಳೆ ಸಾರು ಆಂಟಿ. ಯಾಕೆ ಹಿಂಗೆ ಓಡ್ಬಂದ್ರಿ? ಕುಕ್ಕರ್ ಗಲಾಟೇಲಿ ಫೋನೇ ಕೇಳಿಸ್ಲಿಲ್ಲ. ಅಣಬೆ ಸಾರು ಮಾಡೋಕೆ ನಂಗೆಲ್ಲಿ ಬರತ್ತೆ? ಸಾಯಂಕಾಲ ನಿಮ್ಮ ಕೈಲೇ ಮಾಡ್ಸೋಣಾಂತ ಪೇಪರ್ ಮೇಲೆ ಹರಡಿದೀನಿ."

ಮರಿಯಮ್ಮ ಒಂದು ಕೊಡೆ ಎತ್ತಿದಳು. ಬಿಂದುಶ್ರೀಯ ಡ್ರಾಯಿಂಗ್ ಹಾಳೆಯ ಮೇಲೆ ಚಕ್ರದ ಕಡ್ಡಿಗಳಂತೆ ಪುಡಿ ಉದುರಿತ್ತು. ಹುತ್ತದ ಅಣಬೆಯದಾಗಿದ್ದರೆ ತಿಳಿಗುಲಾಬಿ ಇರಬೇಕಿತ್ತು. ಇದು ಮಾಸಲು ಹಸಿರು.

"ಅಜ್ಜಿ, ಚೆನ್ನಾಗಿದೆಯಲ್ಲ, ರಂಗೋಲಿ ಥರ," ಎಂದಳು ಬಿಂದುಶ್ರೀ.

"ವಿಷ ಕಣಮ್ಮ. ಕೈ ತೊಳ್ಕೋ." ಎಲ್ಲವನ್ನೂ ಹಾಳೆ ಸಮೇತ ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಮರಿಯಮ್ಮ ಸುನಿತಾಳ ಕಡೆ ತಿರುಗಿದಳು. "ಇನ್ಮೇಲೆ ಬಾಲ ತೋರಿಸ್ದೆ ಕೊಟ್ರೆ ತಗೋಬೇಡ. ನಾನೇ ಕೊಟ್ರೂ."