ಪ್ರಧಾನಿಗೆ ಹತ್ತಕ್ಕೆ ಹತ್ತು

ಮೊಮ್ಮಗಳು ನನ್ನ ಮಡಿಲಿಗೆ ಬಂದಳು ಕಣ್ರೀ! ಇವತ್ತು ಬೆಳಿಗ್ಗೆ, ಹುಟ್ಟಿದ ಆರನೇ ದಿನಕ್ಕೆ. ಬಂದವಳೇ ಒಂದು ಸೀನು ಸೀನಿ, ನನ್ನ ಬೆರಳು ಹಿಡಿದು ಮಲಗಿಬಿಟ್ಟಳು. ಈ ಕೊರೊನಾ ಕಾಲದಲ್ಲಿ ಸೀನಿದ್ದಕ್ಕೆ ಖುಷಿಪಟ್ಟ ಮನೆ ನಮ್ಮದೊಂದೇ ಇರಬೇಕು.

ಆರು ದಿನ ಯಾಕೆ ತಡ ಅಂತೀರಾ? ಮಗಳು ಸುಮಳ ಬಾಣಂತನಕ್ಕೆಂದು ತುಮಕೂರಿನಿಂದ ಹೊರದೇಶದ ಈ ನ್ಯೂವೆಗೈನ್ ಅನ್ನೋ ಊರಿಗೆ ಬಂದಿಳಿದೆ. ಹೊರಗಿಂದ ಬಂದವರು ಹತ್ತು ದಿನ ಬೇರೆ ಇರಬೇಕಂತೆ, ಇಲ್ಲಿಯ ಸರ್ಕಾರದ ನಿಯಮ. ನನ್ನನ್ನು ಅಟ್ಟದ ಕೋಣೆಗೆ ಹತ್ತಿಸಿದರು. ನಾಲ್ಕನೇ ದಿನ ಮಗು ಹುಟ್ಟಿತು. ಕೆಳಗೆ ಅದು ಅತ್ತರೆ ಮೇಲೆ ನಾನು ಅಳುವೆ. ಬಾಣಂತನ ಮಾಡಲು ಬಂದವಳಿಗೇ ಅಳಿಯ ಮೆಟ್ಟಿಲ ಮೇಲೆ ತಟ್ಟೆ ಇಟ್ಟು ಹೋಗುತ್ತಿದ್ದ.

ಅಳಿಯ ಗಿರೀಶನಿಗೆ ಒಂದು ಅಭ್ಯಾಸ. ಇಲ್ಲಿಯ ಪ್ರಧಾನಿ ಟಿವಿಯಲ್ಲಿ ಮಾತಾಡಿದ ದಿನ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿ ಫ್ರಿಜ್ಜಿಗೆ ಅಂಟಿಸುತ್ತಾನೆ. ಅಟ್ಟದಿಂದ ನಾನೂ ಕೂಗುತ್ತಿದ್ದೆ, "ನನ್ನದು ಸೊನ್ನೆ, ಬರ್ಕೋ!" ಅವರು ಹೇಳಿದ್ದು ಒಂದಕ್ಷರ ತಿಳಿದಿರಲಿಲ್ಲ, ಆ ಮಾತು ಬೇರೆ.

ಇವತ್ತು ಮಗು ಎತ್ತಿಕೊಂಡು, "ಹತ್ತು ಬರಿಯಪ್ಪ" ಅಂದೆ.

"ಅತ್ತೆ, ಅವರು ಇವತ್ತು ಬಾಯೇ ಬಿಟ್ಟಿಲ್ಲ! ನಿಮ್ಮ ಹತ್ತು ದಿನ ಮುಗೀತು, ಅಷ್ಟೇ. ಈ ದೇಶದಲ್ಲಿ ಮೇಷ್ಟ್ರುಗಳೂ ಹತ್ತು ಕೊಡಲ್ಲ."

"ನಾನು ನಾಲ್ಕನೇ ಕ್ಲಾಸಿಗೇ ಬಿಟ್ಟವಳು. ನನಗ್ಯಾವ ಮೇಷ್ಟ್ರು? ಬರಿ."

ನಾನು ಯಾವತ್ತೂ ಹೀಗೇ. ನಮ್ಮ ಬೀದಿಯ ಕೌನ್ಸಿಲರಿಗೆ ಕೆರೆ ತುಂಬಿದ ವರ್ಷ ಆರತಿ ಎತ್ತಿದ್ದೆ, ದಿನಾ ನಲ್ಲಿಯಲ್ಲಿ ನೀರು ಬರುತ್ತಿತ್ತಲ್ಲ. ಮಾರನೇ ವರ್ಷ ಮಳೆ ಕೈಕೊಟ್ಟಿತು. ಅದೇ ಮನುಷ್ಯ, ಹಾಗೇ ಕೈಮುಗಿದುಕೊಂಡು ಬಂದ. ಮುಖದ ಮೇಲೇ ಕದ ಹಾಕಿದೆ. ಪಾಪ, ಮಳೆ ತರಿಸಿದವನೂ ಅವನಲ್ಲ, ತಡೆದವನೂ ಅಲ್ಲ. ನಮ್ಮ ಹೊಟ್ಟೆ ತಣ್ಣಗಿದ್ದರೆ ಆಳುವವನು ಒಳ್ಳೆಯವನು, ಉರಿದರೆ ಕೆಟ್ಟವನು. ಈ ಪ್ರಧಾನಿಯ ನಿಯಮವೇ ನನ್ನ ಕೂಸನ್ನು ಕಾಯಿತೋ ಏನೋ, ಯಾರು ಕಂಡರು? ಬೈಯುವಾಗ ವಿಚಾರಿಸದವಳು ಹೊಗಳುವಾಗ ಯಾಕೆ ವಿಚಾರಿಸಲಿ? ಅವರ ತಾಯಿ ಹೊಟ್ಟೆ ತಣ್ಣಗಿರಲಿ.

ಸಂಜೆ ಮೊದಲ ಸಲ ಎಲ್ಲರೂ ಒಂದೇ ಮೇಜಿಗೆ ಕೂತೆವು. ಬಾಣಂತಿಗೆಂದು ಮೆಣಸು ಬೆಳ್ಳುಳ್ಳಿ ಸಾರು ನಾನೇ ಮಾಡಿದ್ದೆ. ಗಿರೀಶ ಎರಡು ಸಲ ಬಡಿಸಿಕೊಂಡ. ಸುಮ ಬೆರಳು ನೆಕ್ಕುತ್ತಾ, "ಹತ್ತಕ್ಕೆ ಹತ್ತು ಅಮ್ಮಾ!" ಅಂದಳು. ಮಗುವನ್ನು ತೊಡೆಯ ಮೇಲೆ ಸರಿ ಮಾಡಿಕೊಂಡು ಕೊನೆಗೆ ನಾನೂ ಒಂದು ತುತ್ತು ಬಾಯಿಗಿಟ್ಟೆ.

ಸಾರಿಗೆ ಉಪ್ಪೇ ಹಾಕಿರಲಿಲ್ಲ.