ಕಾಕಾನ ಕಾಲಿಗೆ ನಮಸ್ಕಾರ

ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಬರಿಗಾಲಲ್ಲಿ ತೆಂಗಿನ ಚಿಪ್ಪಿನ ಚೂರೊಂದನ್ನು ತುಳಿದೆ. ನೋವು ಗೊತ್ತಾಗುವ ಮೊದಲೇ ಕಾಲು ಮೇಲೆದ್ದಿತ್ತು. ಇನ್ನೊಂದು ಕಾಲು, ಯಾರೂ ಹೇಳದಿದ್ದರೂ, ಗಟ್ಟಿಯಾಗಿ ಊರಿಕೊಂಡು ನನ್ನನ್ನು ಬೀಳದಂತೆ ಹಿಡಿದಿತ್ತು. ಇದೆಲ್ಲ ಬೆನ್ನುಹುರಿಯ ಕಾರಭಾರ. ನಡಿಗೆಯೂ ಬಹಳಮಟ್ಟಿಗೆ ಹಾಗೆಯೇ ನೋಡಿ: ಮೆದುಳು ಹೊರಡು ಎಂದರೆ ಸಾಕು, ಒಂದು ಕಾಲೆತ್ತಿ ಇನ್ನೊಂದನ್ನು ಊರುವ ತಾಳವನ್ನು ಬೆನ್ನುಹುರಿಯ ನರಜಾಲವೇ ಹಾಕುತ್ತದೆ. ಶರೀರಶಾಸ್ತ್ರ ಓದಿದವಳು ನಾನು; ಇಂಥದ್ದನ್ನು ಕಂಡಕಂಡವರಿಗೆ ಹೇಳುವ ಚಟ. ಆ ಚಟ ನೆನೆದರೆ ಮುಖ ಬಿಸಿಯಾಗುತ್ತದೆ.

ನಿಗಡಿಯಲ್ಲಿ ನಮ್ಮ ಕಾಕಾ ಇದ್ದಾರೆ, ಅಪ್ಪನ ತಮ್ಮ. ಭೋಸರಿಯ ಕಾರ್ಖಾನೆಗೆ ಹೋಗುವಾಗ ಸ್ಕೂಟರಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ಪರ್ಶ, ಚಲನೆ ಎರಡೂ ಹೋದವು. ಮರುವರ್ಷ ದೀಪಾವಳಿ ಪಾಡ್ಯದ ದಿನ ನಾನು ಎಂದಿನಂತೆ ಬಾಗಿ ಪಾದ ಮುಟ್ಟಿದೆ. ಕಾಲು ಚಿಮ್ಮಿ ನನ್ನ ಗದ್ದಕ್ಕೆ ಬಡಿಯಿತು.

"ನಾ ಎಷ್ಟ್ ಬೇಡ್ಕೊಂಡ್ರೂ ಏಳಲಿಲ್ಲ, ನಿನಗ ಒದೀಲಿಕ್ಕ ಎದ್ದದ ನೋಡು!" ಎಂದು ಕಾಕಾನ ಹೆಂಡತಿ, ನಮ್ಮ ಕಾಕು, ಅಳುತ್ತ ನಗುತ್ತ ಎಲ್ಲರ ಬಾಯಿಗೂ ಸಕ್ಕರೆ ಹಾಕಿದರು. ಕಾಕಾ ಮಾತ್ರ ನನ್ನ ಭುಜ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡರು, ಕಾಲು ತಾಗಿದಾಗ ನಾವೆಲ್ಲ ಮಾಡುವಂತೆ. ಅಷ್ಟು ಹಿರಿಯರು, ನನಗೆ.

"ಹಬ್ಬದ ದಿನ ಮನಿ ಹೆಣ್ಮಗಳಿಗೆ ಒದ್ದೆನಲ್ಲವಾ. ತಪ್ಪಾತು."

"ನೀವು ಒದ್ದಿಲ್ರಿ ಕಾಕಾ," ಎಂದೆ. "ಮುಟ್ಟಿದ್ದಕ್ಕ ಬೆನ್ನುಹುರಿ ತಾನ ಎತ್ತೇದ. ಪೆಟ್ಟಿನ ಕೆಳಗ ಮೆದುಳಿನ ಹಿಡಿತ ಇಲ್ಲಲ್ಲ, ಅದಕ್ಕ ಇಷ್ಟು ಜೋರು. ನಿಮಗೂ ಅದಕ್ಕೂ ಸಂಬಂಧ ಇಲ್ಲ."

ಸಮಾಧಾನಕ್ಕೆಂದು ಹೇಳಿದೆ ಎಂದೇ ನನ್ನ ನೆನಪು. ಅಕ್ಕನ ಪ್ರಕಾರ ಗಾಳಿಯಲ್ಲಿ ಬೆರಳಿಂದ ಚಿತ್ರ ಬರೆಯುತ್ತ, ಖುಷಿಯಿಂದ, ಪಾಠವನ್ನೇ ಮಾಡಿದೆನಂತೆ. ಅಕ್ಕನ ಮಾತೇ ನಿಜವಿರಬೇಕು. ನನ್ನ ನೆನಪು ಯಾವಾಗಲೂ ನನ್ನ ಪಕ್ಷದ್ದೇ.

ಕಾಕು ಸಕ್ಕರೆ ಡಬ್ಬಿ ಹಿಡಿದು ಹಾಗೇ ನಿಂತಿದ್ದರು. ಕಾಕಾ, "ಅಂದ್ರ ನಾ ಅಲ್ಲ," ಎಂದರು.

ಒದ್ದವರು ಅವರೇ ಆಗಿದ್ದರೆ ತಪ್ಪು ಅವರದಾಗುತ್ತಿತ್ತು, ಆದರೆ ಕಾಲೂ ಅವರದಾಗುತ್ತಿತ್ತು. ತಪ್ಪನ್ನು ತೆಗೆಯಲು ಹೋಗಿ ನಾನು ಎರಡನ್ನೂ ಕಿತ್ತುಕೊಂಡೆ. ಸುಳ್ಳು ಹೇಳಬೇಕಿರಲಿಲ್ಲ, ನಿಜ. ಹಬ್ಬ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರಬಹುದಿತ್ತು.

ಮನಸ್ಸು ತಡೆಯದೆ ಇವತ್ತು ಮಧ್ಯಾಹ್ನ ನಿಗಡಿಗೆ ಹೋದೆ. ಕಾಕಾ ಈಗ ಕಾಲ ಮೇಲೆ ಶಾಲು ಹೊದ್ದೇ ಕೂರುತ್ತಾರೆ. ನಾನು ಬಾಗಿದ್ದು ಕಂಡು ಎರಡೂ ಕೈ ಮುಂದೆ ಚಾಚಿದರು.

"ಕೈಗೆ ಮಾಡವಾ. ಅವು ನನ್ನವಲ್ಲ ಅಂತ ನೀನ ಹೇಳೀಯಲ್ಲ."

ಶಾಲು ಸರಿಸಿ ಪಾದ ಮುಟ್ಟಿದೆ. ಈ ಸಲ ಬಡಿದರೆ, ಯಾಕ ಒದ್ರಿ ಕಾಕಾ, ಎಂದು ಜಗಳ ತೆಗೆಯುವವಳಿದ್ದೆ. ಗದ್ದವನ್ನು ಇನ್ನಷ್ಟು ಕೆಳಗಿಳಿಸಿ ಕಾದೆ.

ಕಾಲು ಮಿಸುಕಲಿಲ್ಲ.